ಪದ ಕೇಳಿಸದ ಹಾಡು, ಕೈ ಎತ್ತಲಾಗದ ಗುಂಪು: ಆ ರಾತ್ರಿ ಆ ಸಭಾಂಗಣದಲ್ಲಿ ಆಗಿದ್ದೇನು?

ಪ್ರಶ್ನೆ: ನಾಲ್ಕು ದಿನದ ಹಿಂದೆ ನಾನು, ನನ್ನ ತಂಗಿ ಒಂದು ಕಾನ್ಸರ್ಟ್‌ಗೆ ಹೋಗಿದ್ದೆವು. ಒಳಾಂಗಣ, ನಿಂತು ನೋಡುವ ಶೋ, ಸುಮಾರು ಎರಡು ಸಾವಿರ ಜನ. ಟಿಕೆಟ್‌ನಲ್ಲಿ ಏಳು ಗಂಟೆ ಅಂತಿತ್ತು. ಗೇಟ್ ತೆಗೆದದ್ದೇ 6.40ಕ್ಕೆ, ಅದೂ ಎರಡೇ ಸಾಲು. ಏಳೂವರೆಗೆ ಬ್ಯಾಂಡ್ ಶುರು ಮಾಡಿದಾಗ ನಾವಿನ್ನೂ ಹೊರಗೇ ಇದ್ದೆವು. ಆಮೇಲೆ ಇದ್ದಕ್ಕಿದ್ದಂತೆ ತಪಾಸಣೆ ನಿಲ್ಲಿಸಿ ಎಲ್ಲರನ್ನೂ ಒಟ್ಟಿಗೆ ಬಿಟ್ಟರು. ನಮಗೆ ಸಿಕ್ಕಿದ್ದು ಬಾಲ್ಕನಿಯ ಕೆಳಗೆ, ಎಡಗೋಡೆ ಪಕ್ಕದ ಜಾಗ. ಹಾಡಿನ ಒಂದು ಪದವೂ ತಿಳಿಯಲಿಲ್ಲ, ಬರೀ ಗುಂಯ್ ಅನ್ನುವ ಸದ್ದು. ನಡುನಡುವೆ ಮೈಕ್ ಕೀಚ್ ಅಂತ ಕಿರುಚುತ್ತಿತ್ತು. ಚೆನ್ನಾಗಿ ಕೇಳಬಹುದೇನೋ ಅಂತ ಮುಂದೆ, ಮಧ್ಯಕ್ಕೆ ಹೋದೆವು. ಅಲ್ಲಿ ಬೇಸ್ ಎದೆಗೇ ಗುದ್ದುತ್ತಿತ್ತು. ಸ್ವಲ್ಪ ಹೊತ್ತು ಕೈ ಎತ್ತೋಕೂ ಆಗದಷ್ಟು ಜನ ಬೇರೆ. ಮುಗಿದ ಮೇಲೆ ಹೊರಗೆ ಬರಲು ಒಂದೇ ಬಾಗಿಲು ತೆಗೆದಿದ್ದರು. ನನ್ನ ಕಿವಿ ಇವತ್ತಿಗೂ ಗುಯ್‌ಗುಡುತ್ತಿದೆ. ಸ್ನೇಹಿತರು "ಶೋ ಅಂದ್ರೆ ಹಾಗೇ", "ಆ ಹಾಲ್ ಪ್ರತಿಧ್ವನಿ, ಏನೂ ಮಾಡೋಕಾಗಲ್ಲ" ಅಂತಾರೆ. ತಪ್ಪು ಹಾಡಿದವರದೋ ಸೌಂಡ್‌ನವರದೋ? ದುಡ್ಡು ವಾಪಸ್ ಕೇಳಬಹುದೇ? ಮುಂದಿನ ತಿಂಗಳು ಅದೇ ಹಾಲ್‌ನ ಇನ್ನೊಂದು ಶೋಗೆ ಟಿಕೆಟ್ ತೆಗೆದಿಟ್ಟಿದ್ದೇವೆ. ಹೋಗೋದೋ ಬೇಡವೋ?

ಉತ್ತರ: ನೀವು ಶಬ್ದದ ಬಗ್ಗೆ ಹೆಚ್ಚು ಬರೆದಿದ್ದೀರಿ. "ಕೈ ಎತ್ತೋಕೂ ಆಗದಷ್ಟು ಜನ" ಅನ್ನುವುದನ್ನು ಮಾತ್ರ ಹಾಗೇ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಸಭಾಂಗಣ ನಡೆಸುವ ಕೆಲಸ ಬಲ್ಲವರು ನಿಮ್ಮ ಪತ್ರ ಓದಿದರೆ ಮೊದಲು ಗಾಬರಿಯಾಗುವುದು ಅದೇ ಸಾಲಿಗೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಕಿವಿಯ ಮಾತು. ನಿಮ್ಮ ಪ್ರಶ್ನೆಗಳಲ್ಲಿ ತಡಮಾಡುವಂತಿಲ್ಲದ್ದು ಅದೊಂದೇ.

ಮೊದಲು ಕಿವಿ

ಜೋರು ಶೋ ಮುಗಿದ ಮೇಲೆ ಕಿವಿ ಗುಯ್‌ಗುಡುವುದು, ಹತ್ತಿ ಇಟ್ಟ ಹಾಗೆ ಮಂಕಾಗುವುದು ಬಹಳ ಜನಕ್ಕೆ ಆಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿದುಹೋಗುತ್ತದೆ. ನಿಮಗೆ ನಾಲ್ಕನೇ ದಿನವೂ ಇದೆ, ಆದ್ದರಿಂದ ಇನ್ನು ಕಾದು ನೋಡಬೇಡಿ. ಈ ವಾರವೇ ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಹೋಗಿ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ಶಬ್ದದಿಂದ ಆದ ಹಾನಿ ಆ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್‌ನಲ್ಲಿ ಸಾಮಾನ್ಯವಾಗಿ 3,000ದಿಂದ 6,000 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ, ಹೆಚ್ಚಾದಷ್ಟೂ ಸ್ವರ ತೀಕ್ಷ್ಣ) ನಡುವೆ, ಹೆಚ್ಚಾಗಿ 4,000ದ ಸುತ್ತ, ಒಂದು ಕುಳಿಯಾಗಿ ಕಾಣುತ್ತದೆ. ಏನೂ ಕಾಣದಿದ್ದರೂ ಆ ವರದಿ ಇಟ್ಟುಕೊಳ್ಳಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾದರೆ ಅಥವಾ ತಲೆ ಗಿರ್ರನೆ ಸುತ್ತತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅಂಥ ದಿಢೀರ್ ಕಿವುಡಿಗೆ ಕೊಡುವ ಚಿಕಿತ್ಸೆ ಮೊದಲ ದಿನಗಳಲ್ಲಿ ಫಲಿಸಿದಷ್ಟು ಆಮೇಲೆ ಫಲಿಸುವುದಿಲ್ಲ. ಅಂಗಡಿಯಿಂದ ಹನಿ ಔಷಧಿ ತಂದು ಬಿಟ್ಟುಕೊಳ್ಳಬೇಡಿ. ತೊಂದರೆ ಒಳಗಿವಿಯಲ್ಲಿದೆ, ಹನಿ ಅಲ್ಲಿಗೆ ತಲುಪುವುದಿಲ್ಲ. ಗುಯ್ ನಿಲ್ಲುವವರೆಗೆ ಇಯರ್‌ಫೋನ್ ಬೇಡ, ಜೋರು ಜಾಗಗಳೂ ಬೇಡ.

ಎಷ್ಟು ಶಬ್ದ ಅತಿ ಅನ್ನುವುದಕ್ಕೆ ಲೆಕ್ಕ ಇದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಪ್ರಕಾರ ದಿನಕ್ಕೆ 85 ಡೆಸಿಬೆಲ್ ಎಂಟು ಗಂಟೆ ತಡೆದುಕೊಳ್ಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಸ್ಥಳಗಳಿಗೆಂದೇ ಒಂದು ಮಾನದಂಡ ಹೊರಡಿಸಿತು: 15 ನಿಮಿಷದ ಸರಾಸರಿ 100 ಡೆಸಿಬೆಲ್ ದಾಟಬಾರದು, ಶಬ್ದವನ್ನು ಅಳೆಯುತ್ತಲೇ ಇರಬೇಕು, ಪ್ರೇಕ್ಷಕರಿಗೆ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡುವ ಜಾಗ ಇರಬೇಕು. 100 ಅನ್ನುವುದು ಮೇಲ್ಮಿತಿ, ಮುಟ್ಟಲೇಬೇಕಾದ ಗುರಿಯಲ್ಲ. 100 ಡೆಸಿಬೆಲ್‌ನಲ್ಲಿ ಎರಡೂವರೆ ಗಂಟೆ ನಿಂತವರು ನಿಯೋಷ್ ಲೆಕ್ಕದ ಹತ್ತು ಪಟ್ಟು ಪಡೆದಿರುತ್ತಾರೆ. ಕೆಲವು ದಿನದಲ್ಲಿ ಕಿವಿ ಸರಿಹೋಯಿತು ಅಂದರೆ ಹಾನಿಯೇ ಆಗಿಲ್ಲ ಅಂತಲೂ ಅಲ್ಲ. ಶಬ್ದಕ್ಕೊಡ್ಡಿದ ಇಲಿಗಳಲ್ಲಿ ಶ್ರವಣ ಮಟ್ಟ ಪೂರ್ತಿ ಮರಳಿದ ಮೇಲೂ ಒಳಗಿವಿಯ ನರದ ಜೋಡಣೆಗಳು ಕಾಯಂ ಆಗಿ ನಶಿಸಿದ್ದನ್ನು 2009ರಲ್ಲಿ ಕುಜಾವಾ ಮತ್ತು ಲಿಬರ್ಮನ್ ತೋರಿಸಿದರು.

"ಇಯರ್‌ಪ್ಲಗ್ ಹಾಕಿದರೆ ಹಾಡು ಕೆಡುತ್ತದೆ" ಅನ್ನುವುದು ಮಾತ್ರೆಯಾಕಾರದ ಹಳದಿ ಫೋಮ್ ಪ್ಲಗ್‌ಗಳಿಂದ ಹುಟ್ಟಿದ ಮಾತು. ಅವು ತೀಕ್ಷ್ಣ ಸ್ವರಗಳನ್ನು ಹೆಚ್ಚು ತಡೆಯುವುದರಿಂದ ಎಲ್ಲ ಮಂಕಾಗುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಇರುವ ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ 15-20 ಡೆಸಿಬೆಲ್ ಇಳಿಸುತ್ತವೆ. ಮಾರ್ದನಿ ಹೆಚ್ಚಿರುವ ಹಾಲ್‌ನಲ್ಲಿ ಅವನ್ನು ಹಾಕಿಕೊಂಡರೆ ಪದಗಳು ಇನ್ನೂ ಸ್ಪಷ್ಟವಾಗಿ ಕೇಳಿಸುವುದೂ ಉಂಟು. ಟಿಶ್ಯೂ, ಹತ್ತಿ ತುರುಕಿಕೊಂಡರೆ ಸಮಾಧಾನ ಸಿಗುತ್ತದೆಯೇ ಹೊರತು ರಕ್ಷಣೆ ಅಷ್ಟಕ್ಕಷ್ಟೆ.

ಪದ ಯಾಕೆ ತಿಳಿಯಲಿಲ್ಲ

"ಆ ಹಾಲ್ ಪ್ರತಿಧ್ವನಿ" ಅನ್ನುವುದು ನಿಜ ಇರಬಹುದು. "ಏನೂ ಮಾಡೋಕಾಗಲ್ಲ" ಅನ್ನುವುದು ಸುಳ್ಳು. 1895ರ ಹೊತ್ತಿಗೆ ಹಾರ್ವರ್ಡ್‌ನ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲೂ ಇದೇ ಗೋಳಿತ್ತು. ಮಾತಾಡಿದ್ದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಭೌತಶಾಸ್ತ್ರಜ್ಞ ವಾಲೇಸ್ ಸೇಬಿನ್ ಪಕ್ಕದ ನಾಟಕಶಾಲೆಯ ಆಸನದ ಮೆತ್ತೆಗಳನ್ನು ಹೊತ್ತು ತಂದು, ಅವನ್ನು ಹೆಚ್ಚು ಕಡಿಮೆ ಮಾಡುತ್ತ ಶಬ್ದ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆದ. ಅಲ್ಲಿಂದ ಬಂದ ಸೂತ್ರ ಇಂದಿಗೂ ನಡೆಯುತ್ತದೆ: ಕೊಠಡಿಯ ಘನ ಮೀಟರ್‌ಗಳನ್ನು 0.161ರಿಂದ ಗುಣಿಸಿ, ಒಳಗಿನ ಒಟ್ಟು ಶಬ್ದಹೀರುವಿಕೆಯ (ಶಬ್ದವನ್ನು ಪೂರ್ತಿ ಹೀರುವ ಮೈ ಎಷ್ಟಿದ್ದಂತೆ ಎಂಬ ಲೆಕ್ಕ) ಚದರ ಮೀಟರ್‌ಗಳಿಂದ ಭಾಗಿಸಿದರೆ, ಶಬ್ದ 60 ಡೆಸಿಬೆಲ್ ಇಳಿಯಲು ಹಿಡಿಯುವ ಸೆಕೆಂಡುಗಳು ಸಿಗುತ್ತವೆ. ಅದನ್ನೇ ಅನುರಣನ ಕಾಲ ಅನ್ನುವುದು.

30 ಮೀಟರ್ ಉದ್ದ, 20 ಅಗಲ, 10 ಎತ್ತರದ ಹಾಲ್ ಅಂದರೆ 6,000 ಘನ ಮೀಟರ್. ಗೋಡೆ ಗಾರೆಯದು, ನೆಲ ಕಲ್ಲಿನದು, ಹೀರುವಿಕೆ ಒಟ್ಟು 300 ಚದರ ಮೀಟರ್ ಇದ್ದರೆ ಅನುರಣನ 3.2 ಸೆಕೆಂಡ್. ಹಾಡುವವರು ಸೆಕೆಂಡಿಗೆ ಮೂರು ಅಕ್ಷರ ನುಡಿದರೂ ಹಿಂದಿನ ಹತ್ತು ಅಕ್ಷರಗಳ ಸದ್ದು ಈಗಿನ ಅಕ್ಷರದ ಮೇಲೆ ಬಿದ್ದುಕೊಂಡಿರುತ್ತದೆ. ಹೀರುವಿಕೆಯನ್ನು 800ಕ್ಕೆ ಏರಿಸಿದರೆ 1.2 ಸೆಕೆಂಡಿಗೆ ಇಳಿಯುತ್ತದೆ. ಮೈಕ್ ಇಲ್ಲದ ವಾದ್ಯವೃಂದಕ್ಕೆ ಎರಡು ಸೆಕೆಂಡ್ ಸೊಗಸಾದರೆ, ಸ್ಪೀಕರ್‌ನಲ್ಲಿ ನುಡಿಸುವ ಸಂಗೀತಕ್ಕೆ ಅದೇ ಶಾಪ. ಡೆನ್ಮಾರ್ಕಿನ ರಾಕ್-ಪಾಪ್ ಸಭಾಂಗಣಗಳನ್ನು ಅಳೆದು ಆಡೆಲ್ಮನ್-ಲಾರ್ಸನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗೀತಗಾರರೂ ಸೌಂಡ್ ಎಂಜಿನಿಯರ್‌ಗಳೂ ಮೆಚ್ಚಿದ ಹಾಲ್‌ಗಳ ಅನುರಣನ 0.6ರಿಂದ 1.2 ಸೆಕೆಂಡ್ ಇತ್ತು. ಬೈಸಿಕೊಂಡ ಹಾಲ್‌ಗಳಲ್ಲಿ ಎದ್ದು ಕಂಡ ದೋಷ 63 ಮತ್ತು 125 ಹರ್ಟ್ಸ್‌ನಲ್ಲಿ, ಅಂದರೆ ಬೇಸ್‌ನಲ್ಲಿ, ಶಬ್ದ ಬಹಳ ಹೊತ್ತು ಉಳಿಯುವುದು.

ಈ ಕೊನೆಯ ಮಾತು ನಿಮ್ಮ "ಗುಂಯ್"ಗೆ ನೇರ ಉತ್ತರ. ಹಾಲ್ ತುಂಬಿದಾಗ ಜನರ ಬಟ್ಟೆ, ಮೈ ತೀಕ್ಷ್ಣ ಸ್ವರಗಳನ್ನು ಚೆನ್ನಾಗಿ ಹೀರುತ್ತವೆ, ಬೇಸನ್ನು ಅಷ್ಟಾಗಿ ಹೀರುವುದಿಲ್ಲ. ಸಂಜೆ ನಾಲ್ಕಕ್ಕೆ ಖಾಲಿ ಹಾಲ್‌ನಲ್ಲಿ ಸೌಂಡ್ ಚೆಕ್ ಮಾಡಿ ಹೊಂದಿಸಿಟ್ಟದ್ದನ್ನು ರಾತ್ರಿ ಹಾಗೇ ಬಿಟ್ಟರೆ, ವ್ಯಂಜನಗಳು ಮಾಯವಾಗಿ ಬೇಸ್ ಉಳಿಯುತ್ತದೆ. ಕ, ಚ, ತ, ಸ ಇವೇ ಪದವನ್ನು ಪದವಾಗಿಸುವುದು. ಅವುಗಳ ಶಕ್ತಿ ಹೆಚ್ಚಾಗಿ 2,000 ಹರ್ಟ್ಸ್‌ನ ಮೇಲಿದೆ. ಮೊದಲ ಎರಡು ಹಾಡಿನೊಳಗೆ ಎಂಜಿನಿಯರ್ ಇದನ್ನು ತಿದ್ದಿಕೊಳ್ಳಬೇಕು. ಬೇಸ್‌ಗೆಂದೇ ಇರುವ ಸ್ಪೀಕರ್‌ಗಳಾದ ಸಬ್‌ವೂಫರ್‌ಗಳ ಮಟ್ಟ ಇಳಿಸಬೇಕು, ಗಾಯನದ ಮೈಕ್‌ಗಳಲ್ಲಿ 100-120 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಬೇಕು, ಡ್ರಮ್ ಮತ್ತು ಬೇಸ್ ಗಿಟಾರ್ ಒಂದೇ ಸ್ವರವಲಯದಲ್ಲಿ ಗುದ್ದಾಡದಂತೆ ನೋಡಿಕೊಳ್ಳಬೇಕು. ಇದಕ್ಕೆ ಹೊಸ ಉಪಕರಣ ಬೇಡ. ಹಾಲ್‌ನ ನಡುವೆ, ಪ್ರೇಕ್ಷಕರ ಜೊತೆ ನಿಂತು ಕೇಳುವ ಎಂಜಿನಿಯರ್ ಇದ್ದರೆ ಸಾಕು. ಎಲ್ಲ ಮೈಕ್‌ಗಳ ಶಬ್ದ ಹೊಂದಿಸುವ ಮಿಕ್ಸರನ್ನು ಮೂಲೆಯಲ್ಲೋ ಪಕ್ಕದ ಕೋಣೆಯಲ್ಲೋ ಕೂರಿಸುವ ಹಾಲ್‌ಗಳಿವೆ. ಅಲ್ಲಿ ಕೂತವರಿಗೆ ನಿಮಗೇನು ಕೇಳುತ್ತಿದೆ ಎಂದು ತಿಳಿಯುವ ದಾರಿಯೇ ಇಲ್ಲ.

"ಗೋಡೆಗೆ ಫೋಮ್ ಅಂಟಿಸಿದರೆ ಸರಿಹೋಗುತ್ತದೆ" ಅನ್ನುವ ನಂಬಿಕೆಯೂ ಬಲವಾಗಿದೆ. 100 ಹರ್ಟ್ಸ್ ಅಲೆಯ ಉದ್ದ 3.4 ಮೀಟರ್. 5 ಸೆಂಟಿಮೀಟರ್ ಫೋಮ್ ಅದರ ಲೆಕ್ಕದಲ್ಲಿ ಇದ್ದೂ ಇಲ್ಲದ ಹಾಗೆ. ಅದು ಈಗಾಗಲೇ ಜನ ಹೀರಿದ ತೀಕ್ಷ್ಣ ಸ್ವರಗಳನ್ನೇ ಇನ್ನಷ್ಟು ಹೀರಿ ಹಾಲನ್ನು ಇನ್ನೂ ಗುಮ್ಮೆನಿಸುತ್ತದೆ. ಬೇಸ್‌ಗೆ ಬೇಕಾದ್ದು ಹಿಂದೆ ಆಳವಾದ ಗಾಳಿ ಜಾಗ ಬಿಟ್ಟು ಕೂರಿಸಿದ ದಪ್ಪ ಖನಿಜ ಉಣ್ಣೆ ಅಥವಾ ತಾನೇ ಕಂಪಿಸಿ ಶಕ್ತಿ ಹೀರುವ ತೆಳು ಹಲಗೆಯ ಪೆಟ್ಟಿಗೆಗಳು. ಖರ್ಚಿನ ಕೆಲಸ, ಆದರೆ ಆಗದ ಕೆಲಸವಲ್ಲ. ಇನ್ನೊಂದು ಎಚ್ಚರ: ಅಗ್ಗದ ಪಾಲಿಯುರಿಥೇನ್ ಫೋಮ್ ಹೊತ್ತಿಕೊಂಡರೆ ಕ್ಷಣದಲ್ಲಿ ಹಬ್ಬುತ್ತದೆ. 2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಯ ಫೋಮ್‌ಗೆ ತಗಲಿ 100 ಜನ ಸತ್ತರು.

ನೀವು ಮೊದಲು ನಿಂತ ಬಾಲ್ಕನಿ ಕೆಳಗಿನ ಜಾಗ ಇಡೀ ಹಾಲ್‌ನಲ್ಲೇ ಕೆಟ್ಟದ್ದು. ಮೇಲೆ ತೂಗುಹಾಕಿದ ಸ್ಪೀಕರ್‌ನಿಂದ ನಿಮ್ಮ ಕಿವಿಗೆ ನೇರ ದಾರಿ ಇರಲಿಲ್ಲ, ಬಾಲ್ಕನಿಯ ಅಂಚು ಅಡ್ಡ ಬಂದಿತ್ತು. ಬೇಸ್ ಆ ಅಂಚನ್ನು ಬಳಸಿಕೊಂಡು ಬರುತ್ತದೆ, ತೀಕ್ಷ್ಣ ಸ್ವರ ಬರುವುದಿಲ್ಲ. ನಿಮಗೆ ತಲುಪಿದ್ದು ಗೋಡೆಗಳಿಗೆ ಬಡಿದು ಬಂದ ಶಬ್ದ ಮಾತ್ರ. ಇದಕ್ಕೆ ಮದ್ದು ಬಾಲ್ಕನಿಯ ತಳಕ್ಕೆ ಸಾಲಾಗಿ ಹಾಕುವ ಸಣ್ಣ ಡಿಲೇ ಸ್ಪೀಕರ್‌ಗಳು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಮುಖ್ಯ ಸ್ಪೀಕರ್‌ನಿಂದ 20 ಮೀಟರ್ ದೂರದಲ್ಲಿರುವ ಡಿಲೇ ಸ್ಪೀಕರನ್ನು 58 ಮಿಲಿಸೆಕೆಂಡ್ ತಡವಾಗಿ ನುಡಿಸಬೇಕು. ತಡ ಕೊಡದೆ ನೇರವಾಗಿ ಜೋಡಿಸಿದರೆ ಎರಡು ಸಲ ಕೇಳಿಸಿ ಮೊದಲಿಗಿಂತ ಕೆಡುತ್ತದೆ.

ಮಧ್ಯಕ್ಕೆ ಬಂದಾಗ ಬೇಸ್ ಎದೆಗೆ ಗುದ್ದಿದ್ದೂ ಆಕಸ್ಮಿಕವಲ್ಲ. ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಸಬ್‌ವೂಫರ್ ರಾಶಿ ಇಟ್ಟಾಗ ನಡುಗೆರೆಯಲ್ಲಿ ಎರಡರ ಅಲೆಗಳೂ ಒಟ್ಟಿಗೇ ಬಂದು ಕೂಡಿಕೊಳ್ಳುತ್ತವೆ. ಪಕ್ಕಕ್ಕೆ ಹೋದಂತೆ ದೂರ ವ್ಯತ್ಯಾಸವಾಗುತ್ತದೆ. 60 ಹರ್ಟ್ಸ್‌ಗೆ ಆ ವ್ಯತ್ಯಾಸ ಸುಮಾರು 2.86 ಮೀಟರ್ ಆದಲ್ಲಿ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಹೀಗಾಗಿ ಒಂದೇ ಹಾಲ್‌ನಲ್ಲಿ ಕೆಲವೇ ಹೆಜ್ಜೆಗಳ ಅಂತರದಲ್ಲಿ ಒಬ್ಬರಿಗೆ ಅತಿಯಾದ ಬೇಸ್, ಇನ್ನೊಬ್ಬರಿಗೆ ಬೇಸೇ ಇಲ್ಲ. ಸಬ್‌ಗಳನ್ನು ವೇದಿಕೆಯ ಮುಂದೆ ನಡುವಿನಲ್ಲಿ ಒಂದೇ ಸಾಲಾಗಿ ಇಟ್ಟರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಮೈಕ್ ಕಿರುಚಿದ್ದರಲ್ಲಿ ಮಾತ್ರ ಹಾಡಿದವರದೂ ಪಾಲಿರಬಹುದು. ಸ್ಪೀಕರ್‌ನ ಶಬ್ದ ಮೈಕ್‌ಗೆ ಹೊಕ್ಕು ಮತ್ತೆ ಸ್ಪೀಕರ್‌ಗೆ ಬಂದು ಬೆಳೆಯುತ್ತಾ ಹೋಗುವುದೇ ಫೀಡ್‌ಬ್ಯಾಕ್. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಹಿಂದಿನಿಂದ ಬರುವ ಶಬ್ದವನ್ನು ಬಿಡುವ ಅದರ ಗುಣವೇ ಹೋಗಿ, ಸುತ್ತಲಿನದನ್ನೆಲ್ಲ ಹಿಡಿಯತೊಡಗುತ್ತದೆ. ಬಾಯಿಂದ ದೂರ ಹಿಡಿದರೂ ಅಷ್ಟೆ: ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ, ಅದನ್ನು ತುಂಬಲು ಎಂಜಿನಿಯರ್ ಏರಿಸುತ್ತಾರೆ, ಕಿರುಚುತ್ತದೆ. ಯಾರೂ ಹಾಡದ ಮೈಕ್‌ಗಳನ್ನು ತೆರೆದೇ ಇಡುವುದೂ ಕಾರಣ. ತೆರೆದ ಮೈಕ್‌ಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಕಿರುಚುವ ಮುನ್ನ ಶಬ್ದ ಏರಿಸಲು ಸಿಗುವ ಅವಕಾಶ 3 ಡೆಸಿಬೆಲ್ ಕಡಿಮೆ. ಆದರೆ ಒಂದೇ ಸ್ವರದಲ್ಲಿ ರಾತ್ರಿಯಿಡೀ ಮತ್ತೆ ಮತ್ತೆ ಕಿರುಚಿದರೆ, ಸೌಂಡ್ ಚೆಕ್ ಸರಿಯಾಗಿ ಆಗಿಲ್ಲ. ಯಾವ ಸ್ವರ ಮೊದಲು ಕಿರುಚುತ್ತದೆ ಎಂದು ಬೇಕಂತಲೇ ಮಟ್ಟ ಏರಿಸಿ ಹುಡುಕಿ, ಅಷ್ಟನ್ನು ಮಾತ್ರ ಈಕ್ವಲೈಸರ್‌ನಲ್ಲಿ (ಒಂದೊಂದು ಸ್ವರವಲಯವನ್ನೂ ಬೇರೆಯಾಗಿ ಏರಿಳಿಸುವ ಸಾಧನ) ಇಳಿಸುವುದು ಹತ್ತಿಪ್ಪತ್ತು ನಿಮಿಷದ ಕೆಲಸ.

ಗೇಟಿನಿಂದ ಶುರುವಾದ ಅಪಾಯ

ಈಗ ಆ ಸಾಲಿಗೆ ಬರುತ್ತೇನೆ. ಚೀಲ ನೋಡಿ, ಟಿಕೆಟ್ ಸ್ಕ್ಯಾನ್ ಮಾಡಿ ಒಬ್ಬರನ್ನು ಒಳಗೆ ಬಿಡಲು ಒಂಬತ್ತು ಸೆಕೆಂಡ್ ಎಂದಿಟ್ಟುಕೊಳ್ಳಿ. ಒಂದು ಸಾಲಿಗೆ ಗಂಟೆಗೆ 400 ಜನ. ಎರಡು ಸಾಲು ಅಂದರೆ 800. ಎರಡು ಸಾವಿರ ಜನಕ್ಕೆ ಎರಡೂವರೆ ಗಂಟೆ ಬೇಕು. 6.40ಕ್ಕೆ ತೆಗೆದರೆ ಏಳೂವರೆಗೆ ಒಳಗಿರುವುದು ಏಳುನೂರು ಜನವೂ ಅಲ್ಲ. ಈ ಲೆಕ್ಕವನ್ನು ಟಿಕೆಟ್ ಮಾರುವ ದಿನವೇ ಮಾಡಬಹುದಿತ್ತು. ಮಾಡಿದ್ದರೆ ಎಂಟು ಸಾಲು ಹಾಕುತ್ತಿದ್ದರು ಅಥವಾ ಗೇಟನ್ನು ನಾಲ್ಕೂವರೆಗೆ ತೆಗೆಯುತ್ತಿದ್ದರು. ಮಾಡಲಿಲ್ಲ. ಹೊರಗೆ ಉಳಿದ ಸಾವಿರದ ಮುನ್ನೂರು ಜನಕ್ಕೆ ಒಳಗಿನಿಂದ ಮೊದಲ ಹಾಡು ಕೇಳಿಸಿತು. ಆಗ ತಳ್ಳಾಟ ಶುರುವಾಗುತ್ತದೆ. ಸಿಬ್ಬಂದಿ ಹೆದರಿ ತಪಾಸಣೆ ಬಿಟ್ಟು ಗೇಟ್ ಪೂರ್ತಿ ತೆರೆಯುತ್ತಾರೆ. ಅಷ್ಟೂ ಜನ ಒಂದೇ ಹೊತ್ತಿಗೆ ವೇದಿಕೆಯ ಕಡೆ ಹೊರಡುತ್ತಾರೆ. ನಿಮ್ಮ ಕೈ ಎತ್ತಲಾಗದೆ ಹೋದದ್ದು ಇದರಿಂದ. ತಪಾಸಣೆ ಬಿಟ್ಟ ಕ್ಷಣದಿಂದ ಒಳಗೆ ಎಷ್ಟು ಜನರಿದ್ದಾರೆ ಎಂಬ ಲೆಕ್ಕವೂ ಯಾರ ಹತ್ತಿರವೂ ಇರಲಿಲ್ಲ.

ಚದರ ಮೀಟರಿಗೆ ನಾಲ್ಕು ಜನರಿದ್ದರೆ ಇಕ್ಕಟ್ಟು ಅನಿಸಿದರೂ ತಿರುಗಬಹುದು, ನಡೆಯಬಹುದು. ಐದು ದಾಟಿದರೆ ಹುಷಾರಾಗಬೇಕು. ಏಳರ ಹತ್ತಿರ ಗುಂಪು ದ್ರವದಂತೆ ವರ್ತಿಸತೊಡಗುತ್ತದೆ ಎಂದು ಗುಂಪುಗಳ ಚಲನೆ ಅಭ್ಯಾಸ ಮಾಡಿದ ಎಂಜಿನಿಯರ್ ಜಾನ್ ಫ್ರೂಯಿನ್ ಬರೆದಿದ್ದಾರೆ. ಆಗ ಎಲ್ಲೋ ಹಿಂದಿನ ಒಂದು ನೂಕು ಅಲೆಯಾಗಿ ಮುಂದಕ್ಕೆ ಬರುತ್ತದೆ, ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಸುದ್ದಿಯಲ್ಲಿ "ಕಾಲ್ತುಳಿತ" ಎಂದು ಬಂದರೂ ಇಂಥ ಸಾವುಗಳಲ್ಲಿ ಹೆಚ್ಚಿನವು ತುಳಿತದಿಂದ ಆಗುವುದಲ್ಲ. ಎದೆ ಒತ್ತಿ ಹಿಡಿದು ಉಸಿರು ತೆಗೆದುಕೊಳ್ಳಲಾಗದೆ, ಎಷ್ಟೋ ಸಲ ನಿಂತಲ್ಲೇ ಆಗುತ್ತವೆ. "ಜನ ಗಾಬರಿಯಾಗಿ ನುಗ್ಗಿದರು" ಎಂದು ಪ್ರೇಕ್ಷಕರ ಮೇಲೆ ಹೊರಿಸುವುದೂ ಸರಿಯಲ್ಲ. ಹಿಂದಿರುವವರಿಗೆ ಮುಂದೆ ಏನಾಗುತ್ತಿದೆ ಎಂದು ಗೊತ್ತಾಗುವುದೇ ಇಲ್ಲ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ದ ಹೂ (The Who) ಎಂಬ ರಾಕ್ ತಂಡದ ಶೋಗೆ ಮುನ್ನ ಹೊರಗಿನ ಬಾಗಿಲ ಬಳಿ 11 ಜನ ಸತ್ತರು. ಆಸನ ಸಂಖ್ಯೆ ಇಲ್ಲದ ಟಿಕೆಟ್, ಕಾದು ನಿಂತ ಸಾವಿರಾರು ಜನ, ತೆರೆದದ್ದು ಕೆಲವೇ ಬಾಗಿಲು. ನಿಮ್ಮ ಪತ್ರದ ಗೇಟಿಗೂ ಅದಕ್ಕೂ ಇರುವ ಹೋಲಿಕೆ ನೋಡಿ.

ಮತ್ತೆ ಅಂಥ ಜಾಗದಲ್ಲಿ ಸಿಕ್ಕಿಕೊಂಡರೆ ಮಾಡಬೇಕಾದ್ದು ಇಷ್ಟು. ಕೈ ಇನ್ನೂ ಎತ್ತಲು ಬರುವಾಗಲೇ ಎರಡನ್ನೂ ಎದೆಯ ಮುಂದೆ ಮಡಚಿ ಇಟ್ಟುಕೊಳ್ಳಿ, ಪಕ್ಕೆಲುಬು ಹಿಗ್ಗಲು ಅಷ್ಟು ಜಾಗ ಉಳಿಯುತ್ತದೆ. ನೂಕು ಬಂದಾಗ ಎದುರು ನಿಲ್ಲಬೇಡಿ, ಅದರ ಜೊತೆ ಸಾಗಿ. ಅದು ತಗ್ಗಿದ ಆ ಕ್ಷಣದಲ್ಲಿ ಓರೆಯಾಗಿ ಪಕ್ಕಕ್ಕೆ ಒಂದೊಂದೇ ಹೆಜ್ಜೆ ಸರಿಯಿರಿ. ಕಂಬ, ಗೋಡೆ, ಬ್ಯಾರಿಕೇಡ್‌ಗೆ ಒತ್ತಿಕೊಂಡು ನಿಲ್ಲಬೇಡಿ. ಫೋನ್, ಚಪ್ಪಲಿ ಬಿದ್ದರೆ ಬಿಟ್ಟುಬಿಡಿ, ಬಗ್ಗಬೇಡಿ. ಕಿರುಚಿ ಉಸಿರು ಕಳೆಯುವ ಬದಲು ತಂಗಿಯೊಂದಿಗೆ ಮೊದಲೇ ಒಂದು ಸನ್ನೆ ಗೊತ್ತುಮಾಡಿಕೊಂಡಿರಿ. ಬಿದ್ದು ಏಳಲಾಗದಿದ್ದರೆ ಅಂಗಾತ ಅಥವಾ ಬೋರಲು ಮಲಗದೆ ಪಕ್ಕಕ್ಕೆ ಮುದುಡಿ, ತಲೆಯನ್ನು ತೋಳಲ್ಲಿ ಮುಚ್ಚಿ. ಎಲ್ಲಕ್ಕಿಂತ ಮೇಲಾದದ್ದು ಬೇಗ ಹೊರಡುವುದು. ನಾಲ್ಕೂ ಕಡೆಯವರ ಮೈ ಒಟ್ಟಿಗೆ ತಾಗತೊಡಗಿದಾಗಲೇ ಹೊರಡಿ, ಆಮೇಲೆ ದಾರಿ ಸಿಗುವುದಿಲ್ಲ.

ಒಂದೇ ಬಾಗಿಲಿನ ವಿಚಾರಕ್ಕೂ ಲೆಕ್ಕವಿದೆ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗಸೂಚಿ ಪ್ರಕಾರ ಒಂದು ಮೀಟರ್ ಅಗಲದ ಸಮತಟ್ಟಾದ ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ, ಮೆಟ್ಟಿಲಿದ್ದರೆ 66 ಜನ ಹೊರಹೋಗಬಹುದು. ಎರಡು ಮೀಟರ್ ಅಗಲದ ಒಂದೇ ಬಾಗಿಲಲ್ಲಿ ಎರಡು ಸಾವಿರ ಜನ ಹೊರಬರಲು 12 ನಿಮಿಷ, ಮೆಟ್ಟಿಲಿದ್ದರೆ 15. ಅಂಥ ಮೂರು ಬಾಗಿಲು ತೆಗೆದರೆ ನಾಲ್ಕೇ ನಿಮಿಷ. ಶೋ ಮುಗಿದ ಮೇಲೆ 12 ನಿಮಿಷ ಬರೀ ಬೇಸರ. ಬೆಂಕಿ ಬಿದ್ದಾಗ 12 ನಿಮಿಷ ಯಾರಿಗೂ ಸಿಗುವುದಿಲ್ಲ. ಸ್ಟೇಷನ್ ಕ್ಲಬ್‌ನಲ್ಲಿ ಬೇರೆ ಬಾಗಿಲುಗಳಿದ್ದರೂ ಬಹಳ ಜನ ತಾವು ಒಳಬಂದ ಬಾಗಿಲಿಗೇ ಓಡಿದರು, ಎರಡು ನಿಮಿಷದೊಳಗೆ ಅಲ್ಲಿ ಜನ ಸಿಕ್ಕಿಹಾಕಿಕೊಂಡು ದಾರಿ ಕಟ್ಟಿತು. ಉಳಿದ ಬಾಗಿಲುಗಳಿಗೆ ಬೀಗ ಹಾಕಿದ್ದರೇ ಅಥವಾ ಬರೀ ಮುಚ್ಚಿದ್ದರೇ ಎಂದು ನೀವು ಬರೆದಿಲ್ಲ. ಬೀಗವಿದ್ದರೆ ಅದು ಸೌಕರ್ಯದ ಕೊರತೆಯಲ್ಲ, ಅಪರಾಧಕ್ಕೆ ಸಮ.

ಯಾರ ತಪ್ಪು, ಏನು ಕೇಳಬಹುದು

ಸಾಮಾನ್ಯವಾಗಿ ಕಟ್ಟಡ, ಅದರ ಮಾರ್ದನಿ, ತುರ್ತು ಬಾಗಿಲು, ಗಾಳಿಯ ವ್ಯವಸ್ಥೆ ಸಭಾಂಗಣದವರದು. ಎಷ್ಟು ಟಿಕೆಟ್, ಎಷ್ಟು ಗೇಟ್ ಸಾಲು, ಎಷ್ಟು ಹೊತ್ತಿಗೆ ತೆಗೆಯಬೇಕು ಅನ್ನುವುದು ಆಯೋಜಕರದು. ಸ್ಪೀಕರ್ ಎಲ್ಲಿ, ಎಷ್ಟು ಜೋರು ಅನ್ನುವುದು ಸೌಂಡ್ ಗುತ್ತಿಗೆದಾರರು ಮತ್ತು ಬ್ಯಾಂಡಿನ ಎಂಜಿನಿಯರ್‌ದು. ನೀವು ಹೇಳಿದ್ದರಲ್ಲಿ ಹಾಡಿದವರ ಕೈಯಲ್ಲಿದ್ದದ್ದು ಬಹಳ ಕಡಿಮೆ. ಕಣ್ಣಿಗೆ ಬೀಳುವವರು ಅವರೇ ಆದ್ದರಿಂದ ಬೈಗುಳ ಅವರ ಪಾಲಿಗೆ ಹೋಗುತ್ತದೆ.

ದುಡ್ಡು ಖಂಡಿತ ಕೇಳಬಹುದು, ಆದರೆ ಏನೆಂದು ಕೇಳುತ್ತೀರಿ ಅನ್ನುವುದರ ಮೇಲಿದೆ. "ಸೌಂಡ್ ಚೆನ್ನಾಗಿರಲಿಲ್ಲ" ಎಂದರೆ "ಉಳಿದವರಿಗೆ ಚೆನ್ನಾಗಿತ್ತು" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. "ಟಿಕೆಟ್‌ನಲ್ಲಿ ಏಳು ಗಂಟೆ, ಗೇಟ್ ತೆಗೆದದ್ದು 6.40ಕ್ಕೆ, ಶೋ ಶುರುವಾದಾಗ ನಾವು ಸಾಲಿನಲ್ಲಿದ್ದೆವು, ಇಷ್ಟು ಹಾಡು ತಪ್ಪಿದವು" ಎಂದರೆ ಅಲ್ಲಗಳೆಯುವುದು ಕಷ್ಟ. ಟಿಕೆಟ್‌ನ ಚಿತ್ರ, ಸಾಲಿನಲ್ಲಿ ನಿಂತು ತೆಗೆದ ಫೋಟೋ, ತಂಗಿಗೋ ಸ್ನೇಹಿತರಿಗೋ ಆಗ ಕಳಿಸಿದ ಸಂದೇಶ, ಇವುಗಳ ಸಮಯವೇ ನಿಮ್ಮ ಸಾಕ್ಷಿ. ಟಿಕೆಟ್ ಮಾರಿದ ಸಂಸ್ಥೆ, ಆಯೋಜಕರು, ಸಭಾಂಗಣ, ಮೂವರಿಗೂ ಒಂದೇ ಪತ್ರ ಕಳಿಸಿ. ಬೇರೆ ಬೇರೆ ಬರೆದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಕೂರುತ್ತಾರೆ. ಪೂರ್ತಿ ಹಣವೋ ಭಾಗವೋ, ಉತ್ತರಕ್ಕೆ ಎಷ್ಟು ದಿನ, ಸ್ಪಷ್ಟವಾಗಿ ಬರೆಯಿರಿ. ಪೂರ್ತಿ ಹಣ ಮರಳುವುದು ಅಪರೂಪ, ಭಾಗಶಃ ಅಥವಾ ಮುಂದಿನ ಶೋಗೆ ರಿಯಾಯಿತಿ ಕೊಡುವುದು ಹೆಚ್ಚು. ರಿಯಾಯಿತಿ ಒಪ್ಪಿಕೊಂಡರೆ ಉಳಿದ ಹಕ್ಕು ಬಿಟ್ಟುಕೊಟ್ಟಂತೆ ಎಂಬ ಸಾಲು ಅದರಲ್ಲಿದೆಯೇ ಎಂದು ನೋಡಿ ಒಪ್ಪಿ.

ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಮೂಲಕ ಹಣ ತಡೆಯಲು ಕೇಳುವ ದಾರಿಯೂ ಇದೆ. ಆದರೆ ಶೋ ರದ್ದಾದಾಗ ಅದು ನಡೆಯುವಷ್ಟು ಸುಲಭವಾಗಿ, ನಡೆದ ಶೋ ಕೆಟ್ಟಿತ್ತು ಅಂದಾಗ ನಡೆಯುವುದಿಲ್ಲ. ಟಿಕೆಟ್ ಸಂಸ್ಥೆ ನಿಮ್ಮ ಖಾತೆಯನ್ನೇ ತಡೆಹಿಡಿದು ಮುಂದಿನ ತಿಂಗಳ ಟಿಕೆಟ್‌ಗೂ ಕುತ್ತು ಬರಬಹುದು. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಸಾಮಾಜಿಕ ಜಾಲತಾಣದಲ್ಲಿ ಬರೆಯುವುದಾದರೆ ಕಂಡದ್ದನ್ನು, ಸಮಯವನ್ನು ಮಾತ್ರ ಬರೆಯಿರಿ. "ಲಂಚ ಕೊಟ್ಟು ಪರವಾನಗಿ ತಗೊಂಡಿದ್ದಾರೆ" ಎಂಬಂಥ ಊಹೆ ಸೇರಿಸಿದರೆ ಮಾನನಷ್ಟದ ನೋಟಿಸ್ ನಿಮಗೇ ಬಂದೀತು.

ಗೇಟ್ ಮತ್ತು ಬಾಗಿಲಿನ ವಿಚಾರವನ್ನು ಹಣದ ಪತ್ರದಲ್ಲಿ ಬೆರೆಸಬೇಡಿ. ಅದನ್ನು ಬೇರೆಯಾಗಿ, ಸಭೆಗೆ ಪರವಾನಗಿ ಕೊಡುವ ಸ್ಥಳೀಯ ಆಡಳಿತಕ್ಕೂ ಅಗ್ನಿಶಾಮಕ ಇಲಾಖೆಗೂ ಬರೆಯಿರಿ. ದಿನಾಂಕ, ಎಷ್ಟು ಹೊತ್ತಿಗೆ ತಪಾಸಣೆ ನಿಂತಿತು, ಯಾವ ಬಾಗಿಲು ಮುಚ್ಚಿತ್ತು, ಇಷ್ಟು ಸಾಕು. ಅದರಿಂದ ನಿಮಗೆ ಒಂದು ಕಾಸೂ ಬರುವುದಿಲ್ಲ. ಆದರೂ ಈ ಎರಡು ಪತ್ರಗಳಲ್ಲಿ ಒಂದನ್ನೇ ಬರೆಯಲು ಪುರುಸೊತ್ತಿದ್ದರೆ ಇದನ್ನೇ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಮುಂದಿನ ತಿಂಗಳ ಟಿಕೆಟ್

ಕಿವಿ ಇನ್ನೂ ಗುಯ್‌ಗುಡುತ್ತಿದ್ದರೆ ಪ್ರಶ್ನೆಯೇ ಇಲ್ಲ, ಹೋಗಬೇಡಿ. ಸರಿಹೋಗಿದ್ದರೆ ಈಗಲೇ ಸಭಾಂಗಣಕ್ಕೆ ಬರೆದು ಕೇಳಿ: ಗೇಟ್ ಎಷ್ಟು ಹೊತ್ತಿಗೆ, ಎಷ್ಟು ಸಾಲು? ಒಳಗೆ ಎಷ್ಟು ಜನಕ್ಕೆ ಅನುಮತಿ ಇದೆ, ಎಷ್ಟು ಟಿಕೆಟ್ ಮಾರಿದ್ದೀರಿ? ಮುಗಿದ ಮೇಲೆ ಯಾವ ಯಾವ ಬಾಗಿಲು ತೆರೆಯುತ್ತೀರಿ? ಗುಂಪು ಒತ್ತಿದಾಗ ಶೋ ನಿಲ್ಲಿಸುವ ಅಧಿಕಾರ ಯಾರಿಗಿದೆ? ಚೆನ್ನಾಗಿ ನಡೆಸುವ ಜಾಗದಲ್ಲಿ ಇವಕ್ಕೆ ಉತ್ತರ ಮೊದಲೇ ಬರೆದಿಟ್ಟಿರುತ್ತದೆ, ಒಂದೆರಡು ದಿನದಲ್ಲಿ ಕಳಿಸುತ್ತಾರೆ.

ಹೋದರೆ ಒಳಗೆ ಕಾಲಿಟ್ಟ ಕೂಡಲೇ ನೀವು ಬಂದ ಬಾಗಿಲಲ್ಲದೆ ಇನ್ನೆರಡು ಬಾಗಿಲು ಎಲ್ಲಿವೆ ಎಂದು ಕಣ್ಣಾರೆ ನೋಡಿಕೊಳ್ಳಿ. ಮಿಕ್ಸರ್ ಇರುವ ಮೇಜಿನ ಸ್ವಲ್ಪ ಮುಂದೆ, ನಡುಗೆರೆಯಿಂದ ಒಂದೆರಡು ಮೀಟರ್ ಪಕ್ಕಕ್ಕೆ ನಿಲ್ಲಿ. ಎಂಜಿನಿಯರ್ ಕೇಳಿ ಹೊಂದಿಸುವ ಶಬ್ದ ಅಲ್ಲಿಗೇ ಹತ್ತಿರ, ಬೇಸ್‌ನ ನಡುಗೆರೆಯಿಂದಲೂ ತಪ್ಪಿಸಿಕೊಳ್ಳುತ್ತೀರಿ, ಮುಂದಿನ ಒತ್ತಡದಿಂದಲೂ ದೂರ. ಬಾಲ್ಕನಿ ಕೆಳಗೆ ಬೇಡ, ಗೋಡೆಗೆ ಒರಗಿಯೂ ಬೇಡ. ಪಕ್ಕದ ತಂಗಿಯೊಂದಿಗೆ ಒಂದು ಮೀಟರ್ ದೂರದಲ್ಲಿ ಮಾತಾಡಲು ಕೂಗಬೇಕಾದರೆ 85 ಡೆಸಿಬೆಲ್ ದಾಟಿದೆ ಎಂದುಕೊಂಡು ಪ್ಲಗ್ ಹಾಕಿ. ಪದ ಕೇಳದಿದ್ದರೆ ಹಾಡಿನ ನಡುವೆ ಎಂಜಿನಿಯರ್ ಹತ್ತಿರ ಹೋಗಿ ಜಗಳ ಮಾಡಬೇಡಿ. ನೆಲದ ಮೇಲಿರುವ ಮೇಲ್ವಿಚಾರಕರಿಗೆ "ಬಾಲ್ಕನಿ ಕೆಳಗೆ ಎಡಕ್ಕೆ ಪದ ಕೇಳುತ್ತಿಲ್ಲ" ಎಂದು ಜಾಗ ಹೇಳಿ ತಿಳಿಸಿ. ಮರುದಿನದ ದೂರಿಗಿಂತ ಆ ಕ್ಷಣದ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ.

ಸೌಂಡ್ ಕೆಟ್ಟದಾಗಿರಬಹುದು ಎಂಬ ಒಂದೇ ಕಾರಣಕ್ಕೆ ಶೋ ಬಿಡಬೇಕಿಲ್ಲ, ನಿಲ್ಲುವ ಜಾಗ ಬದಲಿಸಿದರೆ ಅರ್ಧ ಸರಿಹೋಗುತ್ತದೆ. ಆದರೆ ಗೇಟು, ಬಾಗಿಲುಗಳ ಪ್ರಶ್ನೆಗೆ ಶೋ ದಿನದವರೆಗೂ ಉತ್ತರ ಬಾರದಿದ್ದರೆ, ಅಥವಾ ಅಲ್ಲಿಗೆ ಹೋದಾಗ ಮತ್ತೆ ಎರಡೇ ಸಾಲು ಕಂಡರೆ, ಟಿಕೆಟ್ ದುಡ್ಡು ಹೋದರೆ ಹೋಗಲಿ ಎಂದು ತಂಗಿಯನ್ನು ಕರೆದುಕೊಂಡು ವಾಪಸ್ ಬನ್ನಿ.